ಕೊಂಡಿ ಮತ್ತು ಲೋಹ: ಸಹಯೋಜಕ ಪಾಲಿಮರುಗಳ ಬ್ಯಾಕ್ಟೀರಿಯನಾಶಕ ಗುಣವನ್ನು ಕುರಿತು

ಕನ್ನಡ ವಿಭಾಗದ ಸ್ಮರಣ ಸಂಪುಟದಲ್ಲಿ ರಸಾಯನ ವಿಜ್ಞಾನಕ್ಕೆ ಸೇರಿದ ವಿಷಯವೊಂದನ್ನು ಎತ್ತಿಕೊಂಡಿರುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಹಳಗನ್ನಡ ಕಾವ್ಯ, ಛಂದಸ್ಸು, ಶಾಸನ, ಮುಂಬಯಿಯ ಕನ್ನಡ ಸಾಹಿತ್ಯ ಇವುಗಳ ನಡುವೆ ತಾಮ್ರ, ಬೆಳ್ಳಿ, ಸತುವುಗಳಿಗೇನು ಕೆಲಸ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಈ ಬರಹಕ್ಕೆ ಕಾರಣವಾದ ಸಂದರ್ಭವನ್ನು ಮೊದಲೇ ಹೇಳಿಬಿಡುವುದು ಮೇಲು.

ಕೆಲವು ವರ್ಷಗಳ ಹಿಂದೆ ನಮ್ಮ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯೊಬ್ಬರು ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದರು. ವಿಜಯಪುರ ಜಿಲ್ಲೆಯ ರೈತಕುಟುಂಬದವರು. ಉಪನಗರದ ಉಡುಪಿ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತ ಓದುತ್ತಿದ್ದವರು. ವಡೆಯ ಬಾಣಲೆಯ ಎಣ್ಣೆ ಮುಂಗೈಯ ಮೇಲೆ ಚೆಲ್ಲಿತ್ತು. ಹಚ್ಚಿಕೊಳ್ಳಲು ಕೊಟ್ಟಿದ್ದ ಬಿಳಿಯ ಮುಲಾಮಿನ ಟ್ಯೂಬನ್ನು ತೋರಿಸಿ, "ಸರ್, ಇದರಾಗ ಬೆಳ್ಳಿ ಐತಂತ. ಬೆಳ್ಳಿ ಹೆಂಗ ಗಾಯ ಕಾಯ್ತದ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ವಿದ್ಯಾನಗರಿಯ ಆವರಣದಲ್ಲಿಯೇ ಇರುವ ರಸಾಯನ ವಿಜ್ಞಾನ ವಿಭಾಗದ ಸ್ನೇಹಿತರೊಬ್ಬರ ಬಳಿ ಹೋದೆ. ಅವರು ಒಂದು ಗಂಟೆ ಕಾಲ ವಿವರಿಸಿದರು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಮರಾಠಿಯಲ್ಲಿ. ಆ ಮುಲಾಮಿನ ಬೆಳ್ಳಿಯ ಲವಣವು 'ಕೋಆರ್ಡಿನೇಶನ್ ಪಾಲಿಮರ್' ಎಂಬ ವರ್ಗಕ್ಕೆ ಸೇರಿದ್ದೆಂದೂ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ಎದುರು ಅಂಥ ವಸ್ತುಗಳನ್ನು ಹೂಡುವ ಪ್ರಯತ್ನ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆಯೆಂದೂ ತಿಳಿಯಿತು. ಮರಳಿ ಬಂದು ಇದನ್ನು ಕನ್ನಡದಲ್ಲಿ ಬರೆದುಕೊಡಲು ಕುಳಿತಾಗ ಮೂರು ವಾಕ್ಯಗಳ ಮುಂದೆ ಹೋಗಲಾಗಲಿಲ್ಲ. ತನ್ನ ಕೈಯ ಮೇಲೆ ಹಚ್ಚಿರುವುದು ಏನೆಂದು ತನ್ನ ಭಾಷೆಯಲ್ಲಿ ತಿಳಿಯುವ ಹಕ್ಕು ಆ ವಿದ್ಯಾರ್ಥಿಗಿತ್ತು; ತಿಳಿಸಬೇಕಾದ ಕನ್ನಡ ಅಧ್ಯಾಪಕನಿಗೆ ಕನ್ನಡ ಒದಗಲಿಲ್ಲ. ಪ್ರಸ್ತುತ ಲೇಖನ ಆ ಸೋಲಿನಿಂದ ಹುಟ್ಟಿದ್ದು.

ಇಂಥ ವಿಷಯ ಬಂದೊಡನೆ ನಮ್ಮ ವಿದ್ವತ್ಸಭೆಗಳಲ್ಲಿ ತಲೆಯೆತ್ತುವ ಒಂದು ಮಾತಿದೆ: 'ಇದೆಲ್ಲ ನಮ್ಮ ಪ್ರಾಚೀನರಿಗೆ ತಿಳಿದಿತ್ತು.' ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಪರಂಪರೆ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. 1025ರ ಸುಮಾರಿನ ಎರಡನೆಯ ಚಾವುಂಡರಾಯನ 'ಲೋಕೋಪಕಾರ', ಹನ್ನೆರಡನೆಯ ಶತಮಾನದ ಕೀರ್ತಿವರ್ಮನ 'ಗೋವೈದ್ಯ', ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನ 'ಖಗೇಂದ್ರಮಣಿದರ್ಪಣ' ಇವು ವೈದ್ಯವನ್ನು ಕನ್ನಡದ ಮಾತಾಗಿಸಿದ ಕೃತಿಗಳು. ಮಂಗರಾಜನ ವಿಷಯವೇ ವಿಷಚಿಕಿತ್ಸೆ. ಸ್ಥಾವರ ವಿಷ, ಜಂಗಮ ವಿಷ ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಮದ್ದು ಎಂದು ಕಂದ ವೃತ್ತಗಳಲ್ಲಿ ಹೇಳುವ ಆತನ ಧೈರ್ಯ ಮೆಚ್ಚತಕ್ಕದ್ದು. ಆದರೆ ಬ್ಯಾಕ್ಟೀರಿಯ ಎಂಬ ಜೀವಿಯನ್ನು ಮಂಗರಾಜನೂ ಕಂಡಿರಲಿಲ್ಲ, ಅವನ ಕಾಲದ ಜಗತ್ತಿನಲ್ಲಿ ಬೇರೆ ಯಾರೂ ಕಂಡಿರಲಿಲ್ಲ. ಹಾಲೆಂಡಿನ ಲೇವನ್‌ಹುಕ್ ತನ್ನ ಮಸೂರದ ಕೆಳಗೆ ಅವುಗಳನ್ನು ನೋಡಿದ್ದು 1670ರ ದಶಕದಲ್ಲಿ. ರೋಗಕ್ಕೂ ಅವಕ್ಕೂ ಇರುವ ಸಂಬಂಧವನ್ನು ಪಾಶ್ಚರ್ ಮತ್ತು ಕಾಕ್ ಸ್ಥಾಪಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಲ್ಲದ್ದನ್ನು ಪದ್ಯದೊಳಗೆ ತುರುಕಿ ಓದುವುದು ಮಂಗರಾಜನಿಗೆ ಮಾಡುವ ಗೌರವವಲ್ಲ. ಆತನಿಂದ ನಾವು ಕಲಿಯಬೇಕಾದದ್ದು ಬೇರೆ: ತನ್ನ ಕಾಲದ ತಿಳಿವಳಿಕೆಯನ್ನು, ಅದು ಎಷ್ಟೇ ಕಠಿನವಾಗಿರಲಿ, ಕನ್ನಡಕ್ಕೆ ತರಬಹುದೆಂಬ ನಂಬಿಕೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಾಗ, ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ವನ್ನು ಬರೆದಾಗ, ಮೈಸೂರಿನ ರಸಾಯನ ವಿಜ್ಞಾನದ ಅಧ್ಯಾಪಕ ಜೆ. ಆರ್. ಲಕ್ಷ್ಮಣರಾಯರು ಪರಮಾಣುವಿನ ಚರಿತ್ರೆಯನ್ನು ಕನ್ನಡದಲ್ಲಿ ಹೇಳಿದಾಗ ಕೆಲಸ ಮಾಡಿದ್ದು ಅದೇ ನಂಬಿಕೆ.

ಇನ್ನು ವಿಷಯಕ್ಕೆ ಬರೋಣ. ತಾಮ್ರಕ್ಕೆ ದ್ರಾವಿಡ ಮೂಲದ ಹೆಸರು 'ಚೆಂಬು'. ಕೆಂಪು ಎಂಬುದಕ್ಕೆ ಸಂಬಂಧಿಸಿದ ಈ ಶಬ್ದ ತಮಿಳಿನಲ್ಲಿ ಇಂದಿಗೂ ಲೋಹವನ್ನೇ ಸೂಚಿಸುತ್ತದೆ. ಕನ್ನಡದಲ್ಲಿ ಅದು ಲೋಹದಿಂದ ಪಾತ್ರೆಗೆ ಸರಿದು, ಈಗ ಸ್ಟೀಲಿನದಾದರೂ 'ಚೆಂಬು'ವೇ. ನೀರಿಗೂ ತಾಮ್ರಕ್ಕೂ ಇದ್ದ ನಂಟು ಶಬ್ದದಲ್ಲಿಯೇ ಉಳಿದುಕೊಂಡಿದೆ. ಈ ನಂಟಿಗೆ ಆಧಾರವಿದೆಯೇ ಎಂಬುದನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಆಯುರ್ವೇದ ಹಾಗೂ ಸಮಗ್ರ ವೈದ್ಯಪದ್ಧತಿಯ ಸಂಸ್ಥೆಯೊಂದರಲ್ಲಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವದು. ಕಾಲರ, ಆಮಶಂಕೆ, ವಿಷಮಶೀತಜ್ವರಗಳನ್ನು ತರುವ ಬ್ಯಾಕ್ಟೀರಿಯಗಳನ್ನೂ, ಭೇದಿಯನ್ನುಂಟುಮಾಡುವ ಕೋಲೈ ಜಾತಿಯವನ್ನೂ ನೀರಿಗೆ ಬೆರೆಸಿ, ಆ ನೀರನ್ನು ತಾಮ್ರದ ಪಾತ್ರೆಗಳಲ್ಲಿ ಕೋಣೆಯ ಉಷ್ಣತೆಯಲ್ಲಿ 16 ಗಂಟೆ ಇಟ್ಟರು. ಬಳಿಕ ಅವುಗಳನ್ನು ಬೆಳೆಸಿ ತೆಗೆಯಲು ಸಾಧ್ಯವಾಗಲಿಲ್ಲ. ನೀರಿಗೆ ಇಳಿದ ತಾಮ್ರ ಶತಕೋಟಿಯಲ್ಲಿ 177 ಭಾಗದಷ್ಟು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ಮಿತಿ 2000 ಭಾಗ.

ಇಷ್ಟು ಅಲ್ಪ ಲೋಹ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ಸ್ವಿಟ್ಜರ್‌ಲೆಂಡಿನ ಸಸ್ಯವಿಜ್ಞಾನಿ ನೇಗೆಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗಮನಿಸಿದ್ದನು. ಆತನ ಮರಣಾನಂತರ 1893ರಲ್ಲಿ ಅಚ್ಚಾದ ಬರಹ, ನೀರಿನಲ್ಲಿ ತಾಮ್ರದ ಲೇಶವಿದ್ದರೂ ಪಾಚಿಯ ಎಳೆಗಳು ಸಾಯುತ್ತವೆ ಎಂದು ತೋರಿಸಿತು. ಆತ ಇದಕ್ಕೆ ಕಟ್ಟಿದ ಗ್ರೀಕ್ ಹೆಸರಿನ ಅರ್ಥ 'ಅಲ್ಪದ ಬಲ'. ನೀರಿಗಿಳಿದ ಲೋಹವು ಅಯಾನಿನ ರೂಪದಲ್ಲಿ, ಎಂದರೆ ವಿದ್ಯುದಂಶ ಹೊತ್ತ ಕಣವಾಗಿ, ಬ್ಯಾಕ್ಟೀರಿಯದ ಹೊರಪೊರೆಯನ್ನು ಕೆಡಿಸುತ್ತದೆ. ಒಳಹೊಕ್ಕು, ಗಂಧಕವನ್ನುಳ್ಳ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತದೆ. ಬೆಳ್ಳಿ ಈ ಅಂಟುವಿಕೆಯಲ್ಲಿ ನಿಪುಣ. ತಾಮ್ರವು ಜೊತೆಗೆ ಆಮ್ಲಜನಕದ ಉಗ್ರರೂಪಗಳನ್ನೂ ಹುಟ್ಟಿಸುತ್ತದೆ. ಒಂದೇ ಕಡೆ ಅಲ್ಲ, ಹಲವು ಕಡೆ ಏಕಕಾಲಕ್ಕೆ ಪೆಟ್ಟು ಬೀಳುವುದರಿಂದ ಸೂಕ್ಷ್ಮಾಣುವಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಪಾಯಧುನಿಯ ಬಳಿಯ ತಾಂಬಾ ಕಾಂಟಾದ ಅಂಗಡಿಗಳಲ್ಲಿ ಕೊಂಡ ತಾಮ್ರದ ಹಂಡೆ ತಪ್ಪಲೆಗಳಿಗೆ ನಮ್ಮ ಹಿಂದಿನ ಹೋಟೆಲಿನವರು ಒಳಗೆ ಕಲಾಯಿ ಹಾಕಿಸದೆ ಸಾರು ಹುಳಿಗಳನ್ನು ಕುದಿಸುತ್ತಿರಲಿಲ್ಲ. ಹುಳಿ ತಾಗಿದರೆ ತಾಮ್ರ ಕಿಲುಬುತ್ತದೆ, ಮಿತಿಮೀರಿ ಇಳಿಯುತ್ತದೆ, ತಿಂದವನಿಗೆ ವಾಂತಿಯಾಗುತ್ತದೆ. ನೀರಿಗೆ ಬರಿಯ ತಾಮ್ರ, ಹುಳಿಗೆ ಕಲಾಯಿ ಎಂಬ ಈ ವಿವೇಕವನ್ನು ಅವರು ಯಾವ ಗ್ರಂಥದಿಂದಲೂ ಪಡೆದುದಲ್ಲ. ಕೊಲ್ಲುವ ಗುಣ ಲೋಹದಲ್ಲಿದೆ ನಿಜ. ಅದು ಯಾರನ್ನು ಕೊಲ್ಲುತ್ತದೆ ಎಂಬುದು ಎಷ್ಟು, ಎಷ್ಟು ವೇಗವಾಗಿ ಬಿಡುಗಡೆಯಾಯಿತು ಎಂಬುದನ್ನು ಅವಲಂಬಿಸಿದೆ. ಮುಂದೆ ನಾವು ನೋಡಲಿರುವ ರಸಾಯನ ಶಾಸ್ತ್ರವೆಲ್ಲ ಈ 'ಎಷ್ಟು' ಎಂಬುದನ್ನು ಹಿಡಿತಕ್ಕೆ ತರುವ ಯತ್ನ.

ಅದರ ಒರಟಾದ, ಆದರೆ ಅತ್ಯಂತ ಸ್ಪಷ್ಟವಾದ ನಿದರ್ಶನ ನಮ್ಮ ಅಡಕೆ ತೋಟಗಳಲ್ಲಿದೆ. ದಕ್ಷಿಣ ಕನ್ನಡದ ತೋಟದಲ್ಲಿ ಬೆಳೆದ ನನ್ನಂಥವರಿಗೆ ಮುಂಗಾರಿನ ಆರಂಭವೆಂದರೆ ಮೈಲುತುತ್ತದ ನೀಲಿ ಬಣ್ಣವೇ. ಮಯೂರದ ಕೊರಳ ಬಣ್ಣವುಳ್ಳದ್ದೆಂದು ಆ ಹೆಸರು. ಹಿಂದಿನ ರಾತ್ರಿ ಮರದ ಪೀಪಾಯಿಯಲ್ಲಿ ನೆನೆಹಾಕಿದ ತುತ್ತದ ನೀರನ್ನೂ ಸುಣ್ಣದ ನೀರನ್ನೂ ಬೆಳಿಗ್ಗೆ ಕೂಡಿಸಿದಾಗ ಆಕಾಶನೀಲಿಯ ಗಂಜಿಯಂಥ ದ್ರಾವಣವಾಗುತ್ತಿತ್ತು. ತಂದೆಯವರು ಅದರಲ್ಲಿ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದು ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಪ್ರಮಾಣ 1 ಕಿಲೊ ತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ದ್ರಾಕ್ಷಿತೋಟಗಳಲ್ಲಿ ಮಿಲಾರ್ಡೆ 1885ರ ಸುಮಾರಿಗೆ ರೂಪಿಸಿದ ಈ ಮಿಶ್ರಣವನ್ನು ಅಡಕೆಯ ಕೊಳೆರೋಗದ ಮೇಲೆ ಪ್ರಯೋಗಿಸಿದವರು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಕೊಳೆರೋಗಕ್ಕೆ ಕಾರಣ ಫೈಟಾಫ್ಥೋರ ಎಂಬ ಶಿಲೀಂಧ್ರಸದೃಶ ಜೀವಿಯೆಂದು 1910ರ ತಮ್ಮ ವರದಿಯಲ್ಲಿ ಅವರು ತಿಳಿಸಿದರು. ಅದಕ್ಕೆ ಮೊದಲು ಗೊನೆಗೆ ಹಾಳೆಯ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದೇ ಉಪಾಯವಾಗಿತ್ತು.

ಸುಣ್ಣ ಏಕೆ ಬೇಕು? ಬರಿಯ ತುತ್ತದ ನೀರು ಹಸುರನ್ನು ಸುಡುತ್ತದೆ, ಮೊದಲ ಮಳೆಗೇ ತೊಳೆದು ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗಿ, ಕಾಯಿಯ ಮೈಗೆ ತೆಳುವಾಗಿ ಹತ್ತಿಕೊಂಡು, ಸ್ವಲ್ಪಸ್ವಲ್ಪವಾಗಿ ತನ್ನನ್ನು ಬಿಟ್ಟುಕೊಡುತ್ತದೆ. ಹಿಡಿದಿಡುವುದು, ಮೆಲ್ಲಗೆ ಬಿಡುವುದು: ಸಹಯೋಜಕ ಪಾಲಿಮರುಗಳ ಹಿಂದಿರುವ ತತ್ತ್ವ ಇದೇ. ಹಿಡಿದಿಡುವ ಕೈ ಮಾತ್ರ ಸುಣ್ಣದ ಬದಲು ಬೇರೆ.

ಆ ಕೈ ಯಾವುದೆಂಬುದನ್ನು ತಿಳಿಯಲು 1893ಕ್ಕೆ ಮತ್ತೊಮ್ಮೆ ಹೋಗಬೇಕು. ನೇಗೆಲಿಯ ಬರಹ ಹೊರಬಂದ ಅದೇ ವರ್ಷ ಜೂರಿಕ್ ನಗರದ ಆಲ್‌ಫ್ರೆಡ್ ವರ್ನರ್ ಎಂಬ ತರುಣ, ಲೋಹದ ಪರಮಾಣುವು ನಡುವೆ ನಿಂತು ತನ್ನ ಸುತ್ತ ನಿಶ್ಚಿತ ಸಂಖ್ಯೆಯ ಅಣುಗಳನ್ನು ನಿಶ್ಚಿತ ದಿಕ್ಕುಗಳಲ್ಲಿ ನಿಲ್ಲಿಸಿಕೊಳ್ಳುತ್ತದೆ ಎಂಬ ವಾದವನ್ನು ಮಂಡಿಸಿದನು. 1913ರ ನೊಬೆಲ್ ಬಹುಮಾನ ಅವನಿಗೆ ಸಂದಿತು. ಸಾಮಾನ್ಯ ಬಂಧದಲ್ಲಿ ಎರಡು ಪರಮಾಣುಗಳು ತಲಾ ಒಂದು ಎಲೆಕ್ಟ್ರಾನನ್ನು ಹಾಕಿ ಪಾಲುಗಾರರಾಗುತ್ತವೆ. ಇಲ್ಲಿ ಹಾಗಲ್ಲ. ಮದುವೆಯ ಖರ್ಚನ್ನೆಲ್ಲ ಒಂದೇ ಕಡೆಯವರು ಹೊತ್ತಂತೆ, ಎರಡು ಎಲೆಕ್ಟ್ರಾನುಗಳನ್ನೂ ಸುತ್ತಲಿನ ಅಣುವೇ ಕೊಡುತ್ತದೆ. ಲೋಹ ಸುಮ್ಮನೆ ಸ್ವೀಕರಿಸುತ್ತದೆ. ಹಾಗೆ ಕೊಡುವ ಅಣುವಿಗೆ ಪಾಶ್ಚಾತ್ಯರು ಇಟ್ಟ ಹೆಸರು 'ಲಿಗ್ಯಾಂಡ್', ಎಂದರೆ ಕಟ್ಟುವಂಥದ್ದು. ನಾನಿದನ್ನು 'ಕೊಂಡಿ' ಎಂದು ಕರೆಯುತ್ತೇನೆ.

ಕೊಂಡಿಗೆ ಒಂದೇ ತುದಿಯಿದ್ದರೆ ಲೋಹವನ್ನು ಸುತ್ತುವರಿದು ನಿಲ್ಲುತ್ತದೆ, ಅಷ್ಟೆ. ಎರಡು ತುದಿಗಳಿದ್ದು ಅವು ಬೇರೆ ಬೇರೆ ದಿಕ್ಕಿಗೆ ಚಾಚಿದ್ದರೆ ಒಂದು ತುದಿ ಈ ಲೋಹವನ್ನೂ ಇನ್ನೊಂದು ಆ ಲೋಹವನ್ನೂ ಹಿಡಿಯುತ್ತದೆ. ಲೋಹ, ಕೊಂಡಿ, ಲೋಹ, ಕೊಂಡಿ ಎಂದು ಸರಪಳಿ ಬೆಳೆಯುತ್ತ ಹೋಗುತ್ತದೆ. ಅಂಗಳದ ಚುಕ್ಕಿ ರಂಗವಲ್ಲಿಯನ್ನು ನೆನೆದರೆ ಚಿತ್ರ ಸ್ಪಷ್ಟವಾಗುತ್ತದೆ: ಚುಕ್ಕಿಗಳು ಲೋಹ, ಎಳೆದ ಗೆರೆಗಳು ಕೊಂಡಿ. ಒಂದೇ ಸಾಲಿನಲ್ಲಿ ಬೆಳೆದರೆ ಸರಪಳಿ, ಅಂಗಳದಗಲ ಹರಡಿದರೆ ಹಾಳೆ, ಮೇಲಕ್ಕೂ ಎದ್ದರೆ ಗೂಡುಗೂಡಾದ ಚೌಕಟ್ಟು. ಇವೆಲ್ಲಕ್ಕೂ ಸೇರಿ ಸಹಯೋಜಕ ಪಾಲಿಮರ್ ಎಂಬ ಹೆಸರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಆಕಸ್ಮಿಕವಾಗಿ ದೊರೆತ 'ಪ್ರಷ್ಯನ್ ನೀಲಿ' ಎಂಬ ಚಿತ್ರಗಾರರ ಬಣ್ಣ ಇಂಥದ್ದೇ. ಕಬ್ಬಿಣದ ಪರಮಾಣುಗಳನ್ನು ಸಯನೈಡಿನ ಕೊಂಡಿಗಳು ಜೋಡಿಸಿವೆ. ಕೊಂಡಿಯ ಹಿಡಿತ ಎಷ್ಟು ಬಿಗಿಯೆಂದರೆ ಸಯನೈಡೆಂಬ ಘೋರ ವಿಷ ಅಲ್ಲಿ ನಿರುಪದ್ರವಿ. 1987ರಲ್ಲಿ ಬ್ರೆಜಿಲಿನ ಗೊಯಾನಿಯದಲ್ಲಿ ವಿಕಿರಣಶೀಲ ಸೀಸಿಯಂ ಜನರ ಮೈಸೇರಿದಾಗ ಈ ನೀಲಿಯನ್ನೇ ಅವರಿಗೆ ನುಂಗಿಸಿ ಸೀಸಿಯಮನ್ನು ಹೊರಹಾಕಿಸಿದರು.

ಈಗ ವಿದ್ಯಾರ್ಥಿಯ ಕೈಗೆ ಹಚ್ಚಿದ ಬೆಳ್ಳಿಗೆ ಬರಬಹುದು. ಬೆಳ್ಳಿಯ ವೈದ್ಯೋಪಯೋಗ ಹೊಸದಲ್ಲ. ಜರ್ಮನಿಯ ಕ್ರೇಡೆ 1880ರ ಸುಮಾರಿಗೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ ಸೋಂಕಿನ ಕುರುಡುತನವನ್ನು ತಡೆದನು. ಸುಟ್ಟಗಾಯಗಳಿಗೆ 0.5 ಪ್ರತಿಶತದ ಸಿಲ್ವರ್ ನೈಟ್ರೇಟನ್ನು ಮೋಯರ್ 1965ರಲ್ಲಿ ಬಳಕೆಗೆ ತಂದನು. ಅದರಿಂದ ಸೋಂಕೇನೋ ತಗ್ಗಿತು. ಆದರೆ ಬಿಡಿಯಾಗಿ ಕರಗಿದ ಬೆಳ್ಳಿ ಗಾಯದ ದ್ರವದಲ್ಲಿರುವ ಕ್ಲೋರೈಡಿನೊಡನೆ ಕೂಡಿ ಕೂಡಲೇ ವ್ಯರ್ಥವಾಗುತ್ತಿತ್ತು, ದೇಹದ ಲವಣಗಳನ್ನು ಹೀರಿ ರೋಗಿಯನ್ನು ಬಳಲಿಸುತ್ತಿತ್ತು, ಹಾಸಿಗೆ ಬಟ್ಟೆಯೆಲ್ಲ ಕಪ್ಪಾಗುತ್ತಿತ್ತು. ಸುಣ್ಣವಿಲ್ಲದ ತುತ್ತದ ಕಥೆಯೇ ಇದು. 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಬೆಳ್ಳಿಯನ್ನು ಸಲ್ಫಾಡಯಜೀನ್ ಎಂಬ ಔಷಧದೊಡನೆ ಕೂಡಿಸಿದಾಗ ಪರಿಹಾರ ಸಿಕ್ಕಿತು. ಸಲ್ಫಾ ಔಷಧಗಳ ಹೆಸರು ಮುಂಬಯಿಗೆ ಹೊಸದಲ್ಲ. 1896ರ ಪ್ಲೇಗಿನ ಫಲವಾಗಿ ಹುಟ್ಟಿದ ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ, ಸಾಹಿಬ್ ಸಿಂಗ್ ಸೋಖೆಯವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಪ್ಲೇಗಿನ ಮೇಲೆ ಸಲ್ಫಾ ಔಷಧಗಳನ್ನು ಪರೀಕ್ಷಿಸಿದ್ದರು.

1970ರ ದಶಕದ ನಡುವೆ ಈ ಬೆಳ್ಳಿ ಲವಣದ ಹರಳನ್ನು ಎಕ್ಸ್ ಕಿರಣಗಳಿಂದ ಪರಿಶೀಲಿಸಿದಾಗ ಅದರ ಒಳಕಟ್ಟು ಬಯಲಾಯಿತು. ಒಂದೊಂದು ಬೆಳ್ಳಿಯೂ ಒಂದಕ್ಕಿಂತ ಹೆಚ್ಚು ಸಲ್ಫಾಡಯಜೀನ್ ಅಣುಗಳಿಗೆ, ಒಂದೊಂದು ಅಣುವೂ ಒಂದಕ್ಕಿಂತ ಹೆಚ್ಚು ಬೆಳ್ಳಿಗಳಿಗೆ ಸಾರಜನಕದ ಮೂಲಕ, ಆಮ್ಲಜನಕದ ಮೂಲಕ ಹೆಣೆದುಕೊಂಡು ಕೊನೆಯಿಲ್ಲದೆ ಬೆಳೆದಿರುವ ಜಾಲವದು. ಎಂದರೆ ಜಗತ್ತಿನಾದ್ಯಂತ ಸುಟ್ಟಗಾಯದ ವಾರ್ಡುಗಳಲ್ಲಿ 1 ಪ್ರತಿಶತ ಮುಲಾಮಿನ ರೂಪದಲ್ಲಿ ಬಳಕೆಯಾದದ್ದು ಅಪ್ಪಟ ಸಹಯೋಜಕ ಪಾಲಿಮರ್. ಕರಗಲು ಒಲ್ಲದ ಈ ಜಾಲ ಗಾಯದ ತೇವಕ್ಕೆ ಬೆಳ್ಳಿಯನ್ನು ಒಂದಿಷ್ಟಿಷ್ಟೇ ಒಪ್ಪಿಸುತ್ತದೆ. 'ಭವಿಷ್ಯದ ಔಷಧ' ಎಂದು ನಾವು ಓದುವ ವಸ್ತುವರ್ಗದ ಒಂದು ಸದಸ್ಯ ಐವತ್ತು ವರ್ಷಕ್ಕೂ ಹಿಂದಿನಿಂದ ನಮ್ಮ ನಡುವೆ ಇದೆ. ಅದರ ಕುಲ ಯಾವುದೆಂಬುದು ಮಾತ್ರ ಹಚ್ಚುವವರಿಗೂ ಹಚ್ಚಿಸಿಕೊಳ್ಳುವವರಿಗೂ ತಿಳಿಯದೆ ಹೋಯಿತು.

ಆದರೆ ಇದು ಸಂಜೀವಿನಿಯಲ್ಲ. ಕನ್ನಡಿಗರ ಗಡಿನಾಡಾದ ಸೊಲ್ಲಾಪುರದಲ್ಲಿ ಡಾ. ಎಂ. ಸುಬ್ರಹ್ಮಣ್ಯಂ ಅವರು ಇದೇ ಔಷಧವನ್ನು ಜೇನುತುಪ್ಪದೊಡನೆ ಹೋಲಿಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಟ್ಟು 104 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಜೇನು, ಅರ್ಧದಷ್ಟು ಮಂದಿಗೆ ಬೆಳ್ಳಿ. ಜೇನಿನ ಗುಂಪಿನಲ್ಲಿ 91 ಪ್ರತಿಶತ ಗಾಯಗಳು ಏಳು ದಿನಗಳೊಳಗೆ ಸೋಂಕುಮುಕ್ತವಾದವು. ಬೆಳ್ಳಿಯ ಗುಂಪಿನಲ್ಲಿ 7 ಪ್ರತಿಶತ. ಈ ಅಂತರ ನಂಬಲು ಕಷ್ಟವಾಗುವಷ್ಟು ದೊಡ್ಡದು. ಒಂದೇ ಊರಿನ ಒಬ್ಬರೇ ವೈದ್ಯರ ಫಲಿತಾಂಶವನ್ನು ಅಂತಿಮವೆಂದು ಹಿಡಿಯಬಾರದು. ಆದರೂ ಅನಂತರ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದವರು, ಈ ಬೆಳ್ಳಿ ಮುಲಾಮು ಗಾಯ ಮಾಯುವುದನ್ನು ಹೊಸ ಬಗೆಯ ಪಟ್ಟಿಗಳಿಗಿಂತ ನಿಧಾನಗೊಳಿಸುತ್ತದೆ ಎಂದೇ ಹೇಳಿದ್ದಾರೆ. ಬ್ಯಾಕ್ಟೀರಿಯವನ್ನು ಕೊಲ್ಲುವ ಲೋಹ ಹೊಸದಾಗಿ ಬೆಳೆಯುವ ಚರ್ಮದ ಜೀವಕೋಶಕ್ಕೂ ಮಿತ್ರನಲ್ಲ. (ಸುಟ್ಟಗಾಯಕ್ಕೆ ಜೇನೆಂದಾಗ ಜಗದ್ದಳ ಸೋಮನಾಥನ ನೆನಪಾಗುತ್ತದೆ. ಜೈನಧರ್ಮಾನುಸಾರವಾಗಿ ಮದ್ಯ, ಮಾಂಸಗಳೊಡನೆ ಮಧುವನ್ನೂ ತನ್ನ ವೈದ್ಯದಿಂದ ಹೊರಗಿಟ್ಟವನು ಆತ. ಸೊಲ್ಲಾಪುರದ ಫಲಿತಾಂಶ ಅವನಿಗೆ ಇಕ್ಕಟ್ಟನ್ನು ತರುತ್ತಿತ್ತು.)

ಇನ್ನೊಂದು ತೊಡಕು ಬ್ಯಾಕ್ಟೀರಿಯದ ಜಾಣ್ಮೆ. ಲೋಹವು ಹಲವೆಡೆ ಪೆಟ್ಟು ಹಾಕುವುದರಿಂದ ಪ್ರತಿರೋಧ ಹುಟ್ಟದು ಎಂಬ ಆಶಾವಾದವನ್ನು ಈಗಲೂ ಕೇಳುತ್ತೇವೆ. ಆದರೆ ಅಮೆರಿಕದ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೆ ಜಗ್ಗದ ಸಾಲ್ಮನೆಲ್ಲ ಕಾಣಿಸಿಕೊಂಡದ್ದು 1975ರಷ್ಟು ಹಿಂದೆಯೇ ವರದಿಯಾಗಿತ್ತು. ಬೆಳ್ಳಿಯ ಅಯಾನುಗಳನ್ನು ಹಿಡಿದು ಹೊರಗೆ ತಳ್ಳುವ ಅದರ ಜೀನುಗಳನ್ನು 1999ರಲ್ಲಿ ಬಿಡಿಸಿ ತೋರಿಸಿದ ತಂಡದ ಹಿರಿಯ ವಿಜ್ಞಾನಿಯ ಹೆಸರು ಸೈಮನ್ ಸಿಲ್ವರ್. ಹೆಸರೂ ಬೆಳ್ಳಿಯೇ ಆದದ್ದು ಕಾಕತಾಳೀಯ.

ಹಾಗಾದರೆ ಹೊಸ ಮದ್ದುಗಳ ಹುಡುಕಾಟಕ್ಕೆ ಇಷ್ಟು ಆತುರವೇಕೆ? ಉತ್ತರ ನಮ್ಮ ನಗರದಲ್ಲಿಯೇ ಇದೆ. ಮಾಹಿಮಿನ ಹಿಂದೂಜಾ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಕಾರ್ಬಪೆನೆಮ್ ಎಂಬ ಕೊನೆಯ ಸಾಲಿನ ಔಷಧಕ್ಕೆ ಬಗ್ಗದ 24 ಬ್ಯಾಕ್ಟೀರಿಯ ಮಾದರಿಗಳಲ್ಲಿ 22 ಮಾದರಿಗಳು ಎನ್‌ಡಿಎಮ್-1 ಎಂಬ ಕಿಣ್ವವನ್ನು ಹೊಂದಿದ್ದುದನ್ನು ತಿಳಿಸಿದರು. ಅದೇ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಔಷಧಕ್ಕೂ ಮಣಿಯದ ಕ್ಷಯರೋಗದ ನಾಲ್ಕು ಪ್ರಕರಣಗಳನ್ನು 2011ರ ಕೊನೆಯಲ್ಲಿ ಜಗತ್ತಿನ ಗಮನಕ್ಕೆ ತಂದರು. ಚಾಳುಗಳಲ್ಲಿ, ಹೋಟೆಲಿನ ಅಟ್ಟಗಳಲ್ಲಿ ಒತ್ತೊತ್ತಾಗಿ ಮಲಗುವ ಶ್ರಮಿಕರ ಈ ನಗರದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಎನ್‌ಡಿಎಮ್-1 ಕಿಣ್ವದ ನಡುವೆ ಕುಳಿತು ಔಷಧದ ಅಣುವನ್ನು ಸೀಳುವುದು ಸತುವಿನ ಎರಡು ಅಯಾನುಗಳು. ಪ್ರೋಟೀನಿನ ಕೊಂಡಿಗಳು ಆ ಸತುವನ್ನು ಹಿಡಿದಿರಿಸಿವೆ. ವರ್ನರನ ರಸಾಯನ ಶಾಸ್ತ್ರ ವೈದ್ಯನ ಸ್ವತ್ತಲ್ಲ. ಬ್ಯಾಕ್ಟೀರಿಯವೂ ಅದನ್ನು ಬಲ್ಲದು.

ಈಚಿನ ಸಂಶೋಧನೆಯ ದಿಕ್ಕನ್ನು ಬದಲಿಸಿದ್ದು ಒಂದು ತರಗತಿಯ ಆಟಿಕೆ. 1974ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರಿಚರ್ಡ್ ರಾಬ್ಸನ್, ವಿದ್ಯಾರ್ಥಿಗಳಿಗೆ ಅಣುರಚನೆಯನ್ನು ತೋರಿಸಲು ಮರದ ಗೋಲಿಗಳಿಗೆ ರಂಧ್ರ ಕೊರೆಸುತ್ತಿದ್ದರು. ರಂಧ್ರಗಳು ಸರಿಯಾದ ಕಡೆ ಇದ್ದರೆ ಕಡ್ಡಿ ಸಿಕ್ಕಿಸಿದೊಡನೆ ಆಕೃತಿ ತಾನೇ ಮೂಡುತ್ತದೆ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು. 1989ರಲ್ಲಿ ತಾಮ್ರದ ಅಯಾನನ್ನೂ ನಾಲ್ಕು ತೋಳಿನ ಕೊಂಡಿಯನ್ನೂ ಬೆರೆಸಿ, ವಜ್ರದ ಕಟ್ಟಿನಂತೆಯೇ ಇರುವ, ಒಳಗೆಲ್ಲ ಟೊಳ್ಳಾದ ಹರಳನ್ನು ಪಡೆದರು. ಜಪಾನಿನ ಸುಸುಮು ಕಿಟಗಾವ ಆ ಟೊಳ್ಳುಗಳ ಒಳಕ್ಕೂ ಹೊರಕ್ಕೂ ಅನಿಲ ಸುಳಿಯಬಲ್ಲುದೆಂದು 1997ರಲ್ಲಿ ತೋರಿಸಿದರು. ಒಮರ್ ಯಾಘಿ 1999ರಲ್ಲಿ ಸತುವಿನ ಚೌಕಟ್ಟೊಂದನ್ನು ಮಾಡಿದರು. ಅದರ ಕೆಲವೇ ಗ್ರಾಂಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. 2025ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಈ ಮೂವರಿಗೆ ಸಂದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಅವರ ಶಿಷ್ಯರೂ ಇಂಥ ತೆರೆದ ಚೌಕಟ್ಟುಗಳನ್ನು ಕುರಿತು ಮಹತ್ತ್ವದ ಕೆಲಸ ಮಾಡಿದ್ದಾರೆ.

ಬ್ಯಾಕ್ಟೀರಿಯನಾಶಕ್ಕೆ ಇದರ ಉಪಯೋಗ ಎರಡು ಬಗೆಯದು. ಚೌಕಟ್ಟೇ ಮೆಲ್ಲಗೆ ಸಡಿಲಿ ತನ್ನ ಬೆಳ್ಳಿ, ತಾಮ್ರ, ಸತುವನ್ನು ಬಿಡುವುದು ಒಂದು. ಟೊಳ್ಳಿನಲ್ಲಿ ಬೇರೆ ಔಷಧವನ್ನು ತುಂಬಿಕೊಂಡು ಹೋಗುವುದು ಇನ್ನೊಂದು. ಹಾಂಗ್‌ಕಾಂಗಿನಲ್ಲಿ 1999ರಲ್ಲಿ ತಯಾರಾದ ತಾಮ್ರದ ಚೌಕಟ್ಟೊಂದು ನೀರಿನ ತೇವಕ್ಕೆ ಕ್ರಮೇಣ ಶಿಥಿಲವಾಗುತ್ತದೆ. ಅನಿಲ ಶೇಖರಣೆಗೆ ಬಯಸಿದವರು ಇದನ್ನು ದೋಷವೆಂದರು. ಬ್ಯಾಕ್ಟೀರಿಯವನ್ನು ಕೊಲ್ಲಬಯಸಿದವರು ಅದನ್ನೇ ಗುಣವೆಂದು ಎತ್ತಿಕೊಂಡರು. ಕೊಂಡಿಯನ್ನು ಬದಲಿಸಿದರೆ ಹಿಡಿತದ ಬಿಗಿಯೂ ಬದಲಾಗುತ್ತದೆ, ಬಿಡುಗಡೆಯ ವೇಗವೂ ಬದಲಾಗುತ್ತದೆ. ಬೋರ್ಡೋ ದ್ರಾವಣದ ಪೀಪಾಯಿಯಲ್ಲಿ ಚೂರಿ ಅದ್ದಿ ನೋಡುತ್ತಿದ್ದ ಅಂದಾಜು ಇಲ್ಲಿ ಅಣುವಿನ ಮಟ್ಟದ ಲೆಕ್ಕವಾಗಿದೆ. ಆದರೂ ಈ ಹೊಸ ಚೌಕಟ್ಟುಗಳ ಬ್ಯಾಕ್ಟೀರಿಯನಾಶಕ ಫಲಿತಾಂಶಗಳಲ್ಲಿ ಬಹುಪಾಲು ಗಾಜಿನ ತಟ್ಟೆಯ ಮೇಲಿನವು, ಕೆಲವು ಇಲಿಗಳ ಮೇಲಿನವು ಎಂಬುದನ್ನು ಮರೆಯಬಾರದು. ತಟ್ಟೆಯಲ್ಲಿ ಬ್ಯಾಕ್ಟೀರಿಯ ಮಾತ್ರ ಇರುತ್ತದೆ. ದೇಹದಲ್ಲಿ ಅದನ್ನು ಸುತ್ತುವರಿದು ನಾವೂ ಇರುತ್ತೇವೆ. ಬಿಡುಗಡೆಯಾದ ಲೋಹ ಮೂತ್ರಪಿಂಡ ಯಕೃತ್ತುಗಳಲ್ಲಿ ಎಲ್ಲಿ ಕೂಡುತ್ತದೆ, ಕೊಂಡಿಯ ಅಣು ತಾನೇ ವಿಷವಲ್ಲವೇ ಎಂಬ ಪ್ರಶ್ನೆಗಳು ಮುಗಿದಿಲ್ಲ. ಗಾಯದ ಪಟ್ಟಿ, ಶಸ್ತ್ರಚಿಕಿತ್ಸೆಯ ಉಪಕರಣದ ಲೇಪ, ನೀರಿನ ಶೋಧಕ ಇಂಥ ಹೊರಬಳಕೆಗಳಲ್ಲಿ ಇವು ಮೊದಲು ನೆಲೆನಿಲ್ಲುವುದು ಸಂಭವ. ನುಂಗುವ ಮದ್ದಾಗಿ ಬರುವ ದಿನವನ್ನು ಈಗಲೇ ಸಾರುವವರ ಮಾತಿಗೆ ಕಿವಿಗೊಡಬೇಕಿಲ್ಲ.

ಕೊನೆಯಲ್ಲಿ ಪರಿಭಾಷೆಯ ಮಾತು. 'ಸಹಯೋಜಕ ಪಾಲಿಮರ್' ಎಂಬುದು ನನಗೆ ಪೂರ್ಣ ತೃಪ್ತಿ ತಂದ ಪದವಲ್ಲ. 'ಸಹ' ಎಂಬುದು ಸಹವೇಲೆನ್ಸೀಯ ಬಂಧದ ಹೆಸರಿನಲ್ಲಿ ಆಗಲೇ ನೆಲೆಯೂರಿರುವುದರಿಂದ ವಿದ್ಯಾರ್ಥಿಗೆ ಗೊಂದಲವಾಗುವುದುಂಟು. ಪಾಲಿಮರ್ ಎಂಬುದನ್ನು ಅನುವಾದಿಸುವ ಹಟ ಬೇಡ. ಅದು ಕನ್ನಡಕ್ಕೆ ಬಂದಾಗಿದೆ. ತರಗತಿಯಲ್ಲಿ 'ಲೋಹಸರಪಳಿ' ಎಂದರೂ ನಡೆಯುತ್ತದೆ. ಲಿಗ್ಯಾಂಡಿಗೆ ಕೊಂಡಿಯೆಂಬ ಪದವನ್ನು ಆರಿಸುವಾಗ ನನ್ನ ಕಣ್ಣೆದುರು ಇದ್ದದ್ದು ಬಾಗಿಲಿನ ಸರಪಳಿಯ ಕೊಂಡಿ. ಒಂದೇ ಲೋಹವನ್ನು ಎರಡು ಕಡೆಯಿಂದ ಕಚ್ಚುವ ಕೊಂಡಿಗೆ ಪಾಶ್ಚಾತ್ಯರು ಏಡಿಯ ಇಕ್ಕಳದಿಂದ ಹೆಸರು ಮಾಡಿಕೊಂಡಿರುವುದನ್ನು ಅನಂತರ ತಿಳಿದೆ.

ಈ ಬರಹದ ಮೊದಲ ಕರಡನ್ನು ಆ ವಿದ್ಯಾರ್ಥಿಗೇ ಓದಲು ಕೊಟ್ಟಿದ್ದೆ. ಕೈ ಅಷ್ಟರಲ್ಲಿ ಮಾಯ್ದಿತ್ತು. ಮುಂಗೈಯ ಮೇಲೆ ಬಿಳಿಚಿದ ಕಲೆಯೊಂದು ಉಳಿದಿತ್ತು. ಬೋರ್ಡೋ ದ್ರಾವಣದ ಭಾಗವನ್ನು ಓದಿ, ತಮ್ಮ ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದಾಗ ಅದನ್ನೇ ಹೊಡೆದೆವೆಂದೂ, ಜೊತೆಗೆ ಅಂಗಡಿಯವನು ಕೊಟ್ಟ ಸ್ಟ್ರೆಪ್ಟೊಸೈಕ್ಲಿನ್ ಬೆರೆಸಿದೆವೆಂದೂ, ಆದರೂ ತೋಟ ಉಳಿಯಲಿಲ್ಲವೆಂದೂ ಹೇಳಿದರು. ಅಂಗಮಾರಿಗೆ ಕಾರಣ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯ. ಮನುಷ್ಯರ ಔಷಧವನ್ನು ತೋಟಕ್ಕೆ ಸುರಿದುದರ ಫಲವನ್ನು ಬೇರೆಯಾಗಿಯೇ ಬರೆಯಬೇಕಾದೀತು. ಆಮೇಲೆ ಅವರು ಕರಡಿನ ಒಂದು ಪದದ ಕೆಳಗೆ ಗೆರೆ ಎಳೆದು, "ಕೊಂಡಿ ಅಂದ್ರ ನಮ್ಮ ಕಡೆ ಮೊದಲ ನೆನಪಾಗೂದು ಚೇಳಿಂದು, ಸರ್. ಹಿಡಿಯೂದೂ ಅದ, ವಿಷಾ ಬಿಡೂದೂ ಅದ. ಇರ್ಲೇನು, ತೆಗೀಲೇನು?" ಎಂದು ಕೇಳಿದರು.

ಇರಲಿ ಎಂದೆ.